ಬೇರೆ ದೇಶದ ಬಾಲ್ಯ ನೋಡಲು ಹೊರಟಿದ್ದೀರಾ? ಮೊದಲು ಅಂಗನವಾಡಿಗೆ ಹೋಗಿ

ಬೇರೆ ದೇಶದಲ್ಲಿ ಮಕ್ಕಳು ಹೇಗೆ ಬೆಳೆಯುತ್ತಾರೆ ಅಂತ ಅಲ್ಲಿಗೇ ಹೋಗಿ ಕಲಿಯುವ ಕಿರು ಕೋರ್ಸ್‌ಗಳಿವೆ. ಕೆಲವು ಒಂದೇ ವಾರದ್ದು, ಕೆಲವು ಒಂದು ತಿಂಗಳು ದಾಟುತ್ತವೆ. ಸ್ವಲ್ಪ ಹೊತ್ತು ಪಾಠ, ಉಳಿದಂತೆ ಶಿಶುವಿಹಾರಗಳ ಭೇಟಿ. ಮೈಸೂರು, ಮಂಡ್ಯದಲ್ಲಿ ಬಿ.ಎಡ್, ಮನಶ್ಶಾಸ್ತ್ರ, ಸಮಾಜಕಾರ್ಯ ಓದುತ್ತಿರುವವರು ಖಂಡಿತ ಯೋಚಿಸಬೇಕಾದ ದಾರಿ ಇದು. ಆದರೆ ಇಲ್ಲಿನ ಮಕ್ಕಳನ್ನು ನೋಡಲು ಕಲಿಯದೆ ಹೋದರೆ ಅಲ್ಲೂ ಏನೂ ಕಾಣುವುದಿಲ್ಲ.

ಮೊದಲು ಪ್ರಶ್ನೆ, ಆಮೇಲೆ ದೇಶ

ಸುಮ್ನೆ ‘ಯುರೋಪ್ ನೋಡಬೇಕು’ ಅಂದರೆ ಆಗದು. ಮಕ್ಕಳೇ ತರಗತಿ ಗುಡಿಸಿ, ಊಟ ಬಡಿಸುವುದು ನಿಮ್ಮ ಕುತೂಹಲವೇ? ಜಪಾನ್ ನೋಡಿ. ಊರೇ ಸೇರಿ ಶಾಲೆ ನಡೆಸುವುದಾದರೆ ಇಟಲಿಯ ರೆಜ್ಜೋ ಎಮಿಲಿಯಾ. 1945ರಲ್ಲಿ ಯುದ್ಧ ಮುಗಿದಾಗ ಅಲ್ಲಿನ ವಿಲ್ಲಾ ಚೆಲ್ಲಾ ಹಳ್ಳಿಯವರು ಜರ್ಮನ್ ಸೇನೆ ಬಿಟ್ಟುಹೋದ ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿ ಮಕ್ಕಳಿಗೆ ಶಾಲೆ ಕಟ್ಟಿದರು. ಸುದ್ದಿ ಕೇಳಿ ಸೈಕಲ್ ಹತ್ತಿ ನೋಡಲು ಹೋದವರು ಲೋರಿಸ್ ಮಲಗುತ್ಸಿ ಎಂಬ ಮೇಷ್ಟ್ರು. ಅವರು ಬೆಳೆಸಿದ ಪದ್ಧತಿ ನೋಡಲು ಇವತ್ತಿಗೂ ಬೇರೆ ಬೇರೆ ದೇಶದ ಶಿಕ್ಷಕರು ತಂಡ ಕಟ್ಟಿಕೊಂಡು ಬರುತ್ತಾರೆ.

ನೋಡುವ ಅಭ್ಯಾಸ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ 1975ರಲ್ಲಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಿ. ನರಸೀಪುರಕ್ಕೆ. ಹತ್ತಿರದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಅನುಮತಿ ಪಡೆದು, ವಾರಕ್ಕೊಮ್ಮೆಯಾದರೂ ಒಂದು ಅಂಗನವಾಡಿಯ ಮೂಲೆಯಲ್ಲಿ ಕೂತು ಬರೆಯಿರಿ.

‘ಮಗು ಹಠ ಮಾಡಿತು’ ಅಂತ ಬರೆದರೆ ಅದು ನಿಮ್ಮ ತೀರ್ಪು. ಹೀಗೆ ಬರೆಯಿರಿ: ‘ಮಗು ತಟ್ಟೆ ತಳ್ಳಿತು. ಟೀಚರ್ ಕಡೆ ನೋಡಿತು. ಅವರು ಏನೂ ಅನ್ನಲಿಲ್ಲ. ಪಕ್ಕದ ಹುಡುಗಿ ತನ್ನ ಮೊಟ್ಟೆ ಮುರಿದು ಅರ್ಧ ಆ ತಟ್ಟೆಗೆ ಹಾಕಿದಳು. ಮಗು ತಟ್ಟೆ ಎಳೆದುಕೊಂಡಿತು.’ ಈಗ ಓದುವವರಿಗೆ ಹಠ ಮಾತ್ರವಲ್ಲ, ಆ ಹುಡುಗಿಯೂ ಕಾಣುತ್ತಾಳೆ, ಅಲ್ವಾ?

ಕಾಗದಪತ್ರ

ಪಾಸ್‌ಪೋರ್ಟ್‌ಗೆ ಮೈಸೂರಿನಲ್ಲೇ ಸೇವಾ ಕೇಂದ್ರವಿದೆ. ಇಟಲಿ, ಡೆನ್ಮಾರ್ಕ್‌ಗಳಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆಗಿರುವ ವೀಸಾ ಬೇಕು. ಕಿರು ಅವಧಿಯ ವೀಸಾದಲ್ಲಿ 180 ದಿನಗಳೊಳಗೆ ಹೆಚ್ಚೆಂದರೆ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆ ಗಳಿಗೆಗೆ ಬಿಡಬೇಡಿ. ಶುಲ್ಕದಲ್ಲಿ ವಸತಿ, ಊಟ, ಬಸ್ ಪಾಸ್ ಸೇರಿದೆಯೇ, ಅನುವಾದಕರು ಇರುತ್ತಾರೆಯೇ ಅಂತ ಲಿಖಿತವಾಗಿ ಕೇಳಿಕೊಳ್ಳಿ.

ಅಲ್ಲಿಗೆ ಹೋದ ಮೇಲೆ

ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿ. ಎಡಗಡೆ ಕಂಡದ್ದು, ಬಲಗಡೆ ನಿಮಗೆ ಅನ್ನಿಸಿದ್ದು. ಡೆನ್ಮಾರ್ಕ್‌ನಲ್ಲಿ ಚಳಿಗಾಲದಲ್ಲೂ ಕೂಸುಗಳನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಮನೆಯ ಹೊರಗೆ ಮಲಗಿಸುತ್ತಾರೆ. ‘ಅಯ್ಯೋ, ಶೀತ ಆಗಲ್ವಾ?’ ಅಂತ ನಮ್ಮ ಜೀವ ಹೊಡೆದುಕೊಳ್ಳುತ್ತದೆ. ಅದನ್ನು ಬಲಗಡೆ ಬರೆದು, ಯಾಕೆ ಹೀಗೆ ಅಂತ ಅಲ್ಲಿನ ತಾಯಂದಿರನ್ನೇ ಕೇಳಿ. ತಾಜಾ ಗಾಳಿಯಲ್ಲಿ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂಬುದು ಅವರ ನಂಬಿಕೆ. ಇನ್ನು ನಮ್ಮಲ್ಲಿ ಅಜ್ಜಿ ಕಾಲು ಚಾಚಿ ಕೂತು, ಎಳೆಗೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿಬಿಸಿ ನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕುವುದನ್ನು ನೋಡಿದರೆ ಆ ತಾಯಿಗೂ ಎದೆ ಧಸಕ್ ಅಂದೀತು. ಅದನ್ನು ಅವರಿಗೆ ವಿವರಿಸಿ ಹೇಳಿ. ಮಾತು ಬೆಳೆಯುವುದೇ ಅಲ್ಲಿಂದ. ನಾವು ಸರಿ, ಅವರು ತಪ್ಪು ಎಂದಾಗಲಿ, ಅವರದೇ ಮೇಲು ಎಂದಾಗಲಿ ಮೊದಲ ವಾರವೇ ತೀರ್ಮಾನಿಸಬೇಡಿ.

ಮಕ್ಕಳ ಫೋಟೋ ಅನುಮತಿಯಿಲ್ಲದೆ ತೆಗೆಯಲೇಬೇಡಿ. ವರದಿಯಲ್ಲಿ ಹೆಸರು ಬದಲಿಸಿ. ಬರೆದು ಮುಗಿದ ಮೇಲೆ ಒಂದು ಪ್ರತಿಯನ್ನು ಆ ಶಿಶುವಿಹಾರಕ್ಕೂ ಕಳಿಸಿ, ಎಲ್ಲಿ ತಪ್ಪು ತಿಳಿದುಕೊಂಡಿದ್ದೀರಿ ಅಂತ ಅಲ್ಲಿನ ಶಿಕ್ಷಕರು ಹೇಳಲಿ.