ಪಾರ್ಕಿನ್ಸನ್ಸ್ ಇರೋರ ಹೊಟ್ಟೆ ಕಡೆ ಗಮನ ಕೊಡೋದು ಹೇಗೆ

ಮನೇಲಿ ಯಾರಿಗಾದ್ರೂ ಪಾರ್ಕಿನ್ಸನ್ಸ್ ಇದ್ರೆ ಎಲ್ಲರ ಕಣ್ಣೂ ಕೈ ನಡುಕದ ಮೇಲೇ ಇರುತ್ತೆ, ಮೋಷನ್ ಸರಿಯಾಗಿ ಆಯ್ತಾ ಅಂತ ಕೇಳೋರು ಕಮ್ಮಿ. ಆದ್ರೆ ಹೊಟ್ಟೆ ಸರಿ ಇಲ್ದಿದ್ರೆ ಮಾತ್ರೆನೂ ಸರಿಯಾಗಿ ಕೆಲಸ ಮಾಡಲ್ಲ.

ಅನ್ನನಾಳದಿಂದ ಗುದದವರೆಗೂ ಒಳಗೋಡೆ ತುಂಬಾ ಕೋಟಿಗಟ್ಟಲೆ ನರಕೋಶ ಇವೆ, ತಿಂದಿದ್ದನ್ನ ಮುಂದಕ್ಕೆ ತಳ್ಳೋ ಕೆಲಸ ನಡೆಸೋದು ಅವೇ. ಈ ಕಾಯಿಲೇಲಿ ಮೆದುಳಲ್ಲಿ ಗಂಟು ಕಟ್ಟೋ ಆಲ್ಫಾ ಸಿನ್ಯೂಕ್ಲಿನ್ ಅನ್ನೋ ಪ್ರೋಟೀನ್ ಈ ನರಗಳಲ್ಲೂ ಸೇರ್ಕೊಳ್ಳುತ್ತೆ, ಕರುಳು ನಿಧಾನ ಆಗುತ್ತೆ, ಎಷ್ಟೋ ಜನಕ್ಕೆ ನಡುಕ ಬರೋಕೆ ವರ್ಷಗಟ್ಟಲೆ ಮುಂಚೆನೇ ಮಲಬದ್ಧತೆ ಶುರುವಾಗಿರುತ್ತೆ. 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ತಂಡದವರು ಕಾಯಿಲೆ ಹೊಟ್ಟೆ ಕಡೆಯಿಂದ, ಹೊಟ್ಟೆಗೂ ಮೆದುಳಿಗೂ ನಡುವೆ ಹೋಗೋ ವೇಗಸ್ ನರ ಹಿಡಿದು ಮೆದುಳಿಗೆ ಹತ್ತಬಹುದು ಅಂದ್ರು, ಎಲ್ಲರಲ್ಲೂ ಹೀಗೇ ಅಂತ ಸಾಬೀತಾಗಿಲ್ಲ.

ಈಗ ಮಾತ್ರೆ ವಿಷ್ಯ. ಸಿಂಡೋಪಾದಂಥ ಪಾರ್ಕಿನ್ಸನ್ಸ್ ಮಾತ್ರೇಲಿರೋ ಲೆವೊಡೋಪಾನೇ ಮೆದುಳಲ್ಲಿ ಡೋಪಮೈನ್ ಆಗೋದು, ಅಂದ್ರೆ ಕೈಕಾಲು ಆಡಿಸೋಕೆ ಬೇಕಾದ, ಈ ಕಾಯಿಲೇಲಿ ಕಮ್ಮಿಯಾಗೋ ರಾಸಾಯನಿಕ. ಈ ಲೆವೊಡೋಪಾ ರಕ್ತಕ್ಕೆ ಸೇರೋದು ಸಣ್ಣ ಕರುಳಲ್ಲಿ. ಜಠರ ಖಾಲಿ ಆಗೋದೇ ತಡ ಆದ್ರೆ ಮಾತ್ರೆ ಅಲ್ಲೇ ಕೂತಿರುತ್ತೆ, ನಾವು ಡೋಸ್ ಸಾಲ್ತಿಲ್ಲ ಅಂದ್ಕೋತೀವಿ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮುಂಚೆ ಇಲ್ಲಾ ಊಟ ಆಗಿ ಒಂದು ಗಂಟೆ ಬಿಟ್ಟು ಬರೀ ನೀರಲ್ಲಿ ಕೊಡಿ, ಕಾಫಿ ಹಾಲಿನ ಜೊತೆ ಬೇಡ, ಯಾಕಂದ್ರೆ ಹಾಲು ಬೇಳೆ ಮೊಟ್ಟೆ ಮಾಂಸದ ಪ್ರೋಟೀನಿಂದ ಬರೋ ಅಮೈನೋ ಆಮ್ಲಗಳೂ ಲೆವೊಡೋಪಾ ಹೋಗೋ ದಾರೀಲೇ ನುಗ್ಗುತ್ವೆ. ಹಾಗಂತ ಬೇಳೆ ಮೊಟ್ಟೆ ನಿಲ್ಲಿಸ್ಬೇಡಿ, ಮೊದಲೇ ತೂಕ ಇಳೀತಿರುತ್ತೆ. ಹೊತ್ತು ಮಾತ್ರ ಬದಲಿಸಿ. ವಾಕರಿಕೆ ಬಂದ್ರೆ ಮಾತ್ರೆ ಜೊತೆ ಒಂದು ಬಿಸ್ಕತ್ತು ಪರವಾಗಿಲ್ಲ. ಐರನ್ ಮಾತ್ರೆ ಬೇರೆ ಹೊತ್ತಿಗೆ ಇಟ್ಕೊಳ್ಳಿ.

ಮಲಬದ್ಧತೆಗೆ ಸೊಪ್ಪು, ಪರಂಗಿ, ಸೀಬೆಹಣ್ಣು, ದಿನಾ ಸ್ವಲ್ಪ ನಡಿಗೆ. ಇಸಬ್ಗೋಲ್ ಕೊಡ್ತೀರಾದ್ರೆ ಜೊತೆಗೆ ನೀರು ಚೆನ್ನಾಗಿ ಕುಡಿಸಿ, ಇಲ್ಲಾಂದ್ರೆ ಅದೇ ಒಳಗೆ ಗಟ್ಟಿಯಾಗುತ್ತೆ, ನುಂಗೋಕೆ ಕಷ್ಟ ಇದ್ರೆ ಡಾಕ್ಟರನ್ನ ಕೇಳ್ದೆ ಕೊಡ್ಲೇಬೇಡಿ. ಬೆಳಗ್ಗೆ ತಿಂಡಿ ಆದ್ಮೇಲೆ ಕರುಳು ತಾನಾಗೇ ಸ್ವಲ್ಪ ಚುರುಕಾಗುತ್ತೆ, ಆಗ ಕಮೋಡ್ ಮೇಲೆ ಕೂರಿಸಿ ಕಾಲ ಕೆಳಗೆ ಒಂದು ಮಣೆ ಇಡಿ, ಆತುರ ಪಡಿಸ್ಬೇಡಿ. ಇಷ್ಟಕ್ಕೂ ಆಗದಿದ್ರೆ ಮೋಷನ್ ಮೆತ್ತಗೆ ಮಾಡೋ ಔಷಧಿ ಡಾಕ್ಟರ್ ಬರೆದುಕೊಡ್ತಾರೆ. ನಡುಕಕ್ಕೆ ಕೊಡೋ ಪ್ಯಾಸಿಟೇನ್ ಮಾತ್ರೆ ತಗೋತಿದ್ರೆ ಅದನ್ನೂ ಹೇಳಿ, ಅದು ಮಲಬದ್ಧತೆ ಜಾಸ್ತಿ ಮಾಡುತ್ತೆ, ಆದ್ರೆ ನೀವೇ ನಿಲ್ಲಿಸ್ಬೇಡಿ.

ಇದೊಂದು ಮಾತ್ರ ಮರೀಬೇಡಿ: ವಾಂತಿ ಅಂತ ಹತ್ತಿರದ ಕ್ಲಿನಿಕ್ಕಿಗೆ ಹೋದ್ರೆ ಪಾರ್ಕಿನ್ಸನ್ಸ್ ಇದೆ ಅಂತ ಮೊದಲೇ ಹೇಳಿ. ವಾಂತಿ ನಿಲ್ಲಿಸೋಕೆ ಕೊಡೋ ಮೆಟೊಕ್ಲೋಪ್ರಮೈಡ್, ಸ್ಟೆಮೆಟಿಲ್ ಎರಡೂ ಮೆದುಳಲ್ಲಿ ಡೋಪಮೈನನ್ನೇ ತಡೀತವೆ, ನಡುಕ ಬಿಗಿತ ಜಾಸ್ತಿ ಆಗಿಬಿಡುತ್ತೆ. ಹೊಟ್ಟೆ ಉಬ್ಬಿ ನೋವು, ವಾಂತಿ, ಗ್ಯಾಸೂ ಹೋಗ್ತಿಲ್ಲ ಅಂದ್ರೆ ಮನೆಮದ್ದು ಮಾಡ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.