ಲೈಬ್ರರಿ ಸೆಸ್ ಕನ್ನಡ ಪುಸ್ತಕವಾಗಿ ಮರಳಬೇಕಾದರೆ: ಕಾಸರಗೋಡಿನ ಗ್ರಂಥಾಲಯ ಸಮಿತಿಗಳು ಮಾಡಬೇಕಾದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ, ಎಣ್ಮಕಜೆ, ಬದಿಯಡ್ಕದಂತಹ ಊರುಗಳ ಮನೆಯವರು ಪಂಚಾಯತಿಗೆ ಕಟ್ಟುವ ಕಟ್ಟಡ ತೆರಿಗೆಯ ಮೇಲೆ ಶೇ. 5ರಷ್ಟು ಲೈಬ್ರರಿ ಸೆಸ್ (ಗ್ರಂಥಾಲಯಗಳಿಗಾಗಿ ವಿಧಿಸುವ ಉಪಕರ) ಸೇರಿರುತ್ತದೆ. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಈ ಹಣ ಮತ್ತು ಸರಕಾರದ ವಾರ್ಷಿಕ ಅನುದಾನ ರಾಜ್ಯ ಲೈಬ್ರರಿ ಕೌನ್ಸಿಲನ್ನು ಸೇರಿ, ಅಲ್ಲಿಂದ ಅಂಗೀಕಾರ ಪಡೆದ ಗ್ರಂಥಾಲಯಗಳಿಗೆ ಹಂಚಿಕೆಯಾಗುತ್ತದೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳನ್ನು 1965ರ ಕಾಯ್ದೆಯಡಿ ಸರಕಾರಿ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ. ಕೇರಳದಲ್ಲಿ ಹೆಚ್ಚಿನವು ಊರವರೇ ಕಟ್ಟಿ, ಸದಸ್ಯರು ಆರಿಸಿದ ಸಮಿತಿಯೇ ನಡೆಸುವಂಥವು. ಆದ್ದರಿಂದ ಕನ್ನಡದ ಗ್ರಂಥಾಲಯ ಬೇಕೆಂದರೆ ಮೊದಲು ಸಮಿತಿ ರಚಿಸಿ, ತಾಲೂಕು ಲೈಬ್ರರಿ ಕೌನ್ಸಿಲಿನ ಮೂಲಕ ಅಂಗೀಕಾರಕ್ಕೆ ಅರ್ಜಿ ಸಲ್ಲಿಸಬೇಕು.

ಅಂಗೀಕಾರ ಸಿಕ್ಕಿದ ಮೇಲೆ ಎಲ್ಲವೂ ದಾಖಲೆಯನ್ನೇ ಅವಲಂಬಿಸಿದೆ. ಗ್ರಂಥಾಲಯಕ್ಕೆ ನೀಡುವ ದರ್ಜೆಗೆ ತಕ್ಕಂತೆ ಅನುದಾನ ನಿಗದಿಯಾಗುವುದರಿಂದ, ಪುಸ್ತಕಗಳ ದಾಖಲೆ, ಸದಸ್ಯರ ಪಟ್ಟಿ, ಪುಸ್ತಕ ವಿತರಣೆಯ ರಿಜಿಸ್ಟರ್, ನಗದು ಪುಸ್ತಕ, ಸಭೆಯ ನಿರ್ಣಯಗಳ ಪುಸ್ತಕ ಇವೆಲ್ಲ ಆಯಾ ದಿನವೇ ಬರೆದಿರಬೇಕು. ಯಕ್ಷಗಾನ ಪ್ರಸಂಗವನ್ನೋ ಕಾದಂಬರಿಯನ್ನೋ ಪರಿಚಯದವರೆಂದು ಬರೆಯದೆ ಕೊಟ್ಟರೆ ಆ ಓದು ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದ ಓದುಗರು ಇಲ್ಲಿಲ್ಲವೆಂಬ ಮಾತಿಗೆ ನಾವೇ ಆಧಾರ ಒದಗಿಸಿದಂತಾಗುತ್ತದೆ.

ಅನುದಾನದಲ್ಲಿ ಯಾವ ಪುಸ್ತಕ ಕೊಳ್ಳಬೇಕೆಂಬುದನ್ನು ಒಬ್ಬಿಬ್ಬರಿಗೆ ಬಿಡದೆ ಸಮಿತಿಯಲ್ಲಿ ಚರ್ಚಿಸಿ ನಿರ್ಣಯಿಸಿರಿ. ಜಿಲ್ಲಾ ಲೈಬ್ರರಿ ಕೌನ್ಸಿಲ್ ನಡೆಸುವ ಪುಸ್ತಕೋತ್ಸವಕ್ಕೆ ಸಾಕಷ್ಟು ಮುಂಚಿತವಾಗಿಯೇ ಬೇಕಾದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಕಳುಹಿಸಿ, ಕನ್ನಡ ಪ್ರಕಾಶಕರನ್ನೂ ಆಹ್ವಾನಿಸುವಂತೆ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿ ಕನ್ನಡದ ಮಳಿಗೆಯೇ ಇಲ್ಲದಿದ್ದರೆ ಹಣವಿದ್ದೂ ಪ್ರಯೋಜನವಿಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ಚುನಾವಣೆ. ಗ್ರಂಥಾಲಯಗಳ ಪ್ರತಿನಿಧಿಗಳಿಂದ ತಾಲೂಕು ಕೌನ್ಸಿಲ್, ಅಲ್ಲಿಂದ ಜಿಲ್ಲಾ ಕೌನ್ಸಿಲ್, ಅದರ ಮೇಲೆ ರಾಜ್ಯ ಕೌನ್ಸಿಲ್ ಎಂಬ ಮೂರು ಹಂತದ ವ್ಯವಸ್ಥೆಯಲ್ಲಿ, ಕೆಳಗಿನ ಹಂತಕ್ಕೆ ಕನ್ನಡ ಬಲ್ಲವರು ಸ್ಪರ್ಧಿಸದಿದ್ದರೆ ಮೇಲೆ ನಮ್ಮ ಅಗತ್ಯವನ್ನು ಹೇಳುವವರು ಇರುವುದಿಲ್ಲ. ಪ್ರತಿನಿಧಿಯ ಹೆಸರನ್ನು ಗಡುವಿನೊಳಗೆ ಕಳುಹಿಸಿ, ಸ್ವೀಕೃತಿಯನ್ನು ಕಡತದಲ್ಲಿಡಿ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕನ್ನಡ ಗ್ರಂಥಾಲಯಗಳು ಮೊದಲೇ ಕೂಡಿ ಮಾತಾಡಿಕೊಂಡರೆ ಮತ ಚದುರುವುದಿಲ್ಲ.

ಸೆಸ್ ಎಷ್ಟು ಸಂಗ್ರಹವಾಯಿತು, ಎಷ್ಟನ್ನು ಕೌನ್ಸಿಲಿಗೆ ಪಾವತಿಸಲಾಯಿತು ಎಂಬ ಲೆಕ್ಕವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಂಚಾಯತಿನಿಂದ ಕೇಳಬಹುದು. ಅರ್ಜಿಯಲ್ಲಿ ಆರ್ಥಿಕ ವರ್ಷವನ್ನು ಸ್ಪಷ್ಟವಾಗಿ ನಮೂದಿಸಿ, ಸಂಗ್ರಹ ಮತ್ತು ಪಾವತಿಯ ವಿವರಗಳನ್ನು ಬೇರೆ ಬೇರೆಯಾಗಿ ಕೋರಬೇಕು.