ವರ್ಷ ತುಂಬಿದ ಕೂಸನ್ನು ಮನೆಯೂಟಕ್ಕೆ ಕೂರಿಸುವುದು ಹೇಗೆ?

ಮೊನ್ನೆಯವರೆಗೆ ಬಟ್ಟಲು ತುಂಬ ರಾಗಿ ಸರಿ ತಿನ್ನುತ್ತಿದ್ದ ಕೂಸು ಹುಟ್ಟುಹಬ್ಬ ಹತ್ತಿರವಾಗುತ್ತಿದ್ದಂತೆ ತುಟಿ ಬಿಗಿದು ಮುಖ ತಿರುಗಿಸುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಅಮ್ಮ ಟಾನಿಕ್ ಹುಡುಕುತ್ತಾಳೆ. ಲೆಕ್ಕ ಸರಳವಾಗಿದೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ; 3 ಕೆ.ಜಿ. ಇದ್ದದ್ದು 9 ಕೆ.ಜಿ. ಆಗುತ್ತದೆ. ಎರಡನೇ ವರ್ಷ ಪೂರ್ತಿ ಏರುವುದು ಸುಮಾರು 2ರಿಂದ 2.5 ಕೆ.ಜಿ. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ. ಮಗು ಲವಲವಿಕೆಯಿಂದ ಆಡಿಕೊಂಡಿದ್ದರೆ ಗಾಬರಿಪಡಬೇಡಿ.

ಮೊದಲು ಹಾಲಿನ ಲೆಕ್ಕ ನೋಡಿ. ಎದೆಹಾಲನ್ನು 2 ವರ್ಷದವರೆಗೂ ಅದರಾಚೆಗೂ ಕೊಡಬಹುದು, ಆದರೆ ಊಟವಾದ ಮೇಲೆ. ಹಸುವಿನ ಹಾಲು ದಿನಕ್ಕೆ 400–500 ಮಿ.ಲೀ. ದಾಟುವುದು ಬೇಡ. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಬರೀ ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಂಡ ಮಗು ದುಂಡಗೆ ಕಂಡರೂ ರಕ್ತಹೀನತೆಯಿಂದ ಬಿಳಿಚಿಕೊಳ್ಳುತ್ತದೆ. ಮಗಳು ಉಣ್ಣುವುದಿಲ್ಲವೆಂದು ಹೆದರಿ ನಾನೂ ಹೊತ್ತುಹೊತ್ತಿಗೆ ಬಾಟಲಿ ಹಿಡಿಸಿದವಳೇ. ಬಾಟಲಿ ಎತ್ತಿಟ್ಟು ಪುಟ್ಟ ಸ್ಟೀಲ್ ಲೋಟ ಕೊಟ್ಟೆ. ವಾರದೊಳಗೆ ಅವಳೇ ಅಡುಗೆಮನೆ ಬಾಗಿಲಿಗೆ ಬಂದು ಕೂರತೊಡಗಿದಳು.

ಹೊತ್ತು ಗೊತ್ತುಮಾಡಿ: ಮೂರು ಊಟ, ನಡುವೆ ಎರಡು ಸಲ ಹಣ್ಣೋ ಇಡ್ಲಿ ಚೂರೋ.

ಇನ್ನು ತಟ್ಟೆ. ಬೇರೆ ಅಡುಗೆ ಬೇಕಿಲ್ಲ. ಸಾರಿಗೆ ಹುಳಿ, ಖಾರ ಬೀಳುವ ಮುಂಚೆ ಬೆಂದ ಬೇಳೆ, ತರಕಾರಿ ಒಂದು ಸೌಟು ಎತ್ತಿಡಿ. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ. ಮೇಲಿನ ತಿಳಿ ಕಟ್ಟನ್ನಷ್ಟೇ ಅನ್ನಕ್ಕೆ ಹಾಕುತ್ತಾರೆ, ಸತ್ವವೆಲ್ಲ ತಳದ ಬೇಳೆಯಲ್ಲೇ ಉಳಿಯುತ್ತದೆ. ಬೇಳೆಯನ್ನೇ ಅನ್ನದ ಜೊತೆ ಕಿವುಚಿ. ಅಗುಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಬೆಣ್ಣೆಯಂತೆ ಹರಡಬೇಕು. ಮಿಕ್ಸಿಗೆ ಹಾಕಬೇಡಿ; ಈಗ ತರಿತರಿಯಾದದ್ದನ್ನು ವಸಡಿನಲ್ಲಿ ಅಗಿದೇ ಮಗು ಅಗಿಯುವುದನ್ನು ಕಲಿಯುವುದು. ಚಮಚ ಓರೆ ಮಾಡಿದರೂ ತುತ್ತು ಜಾರದಷ್ಟು ಗಟ್ಟಿ ಇರಲಿ, ಮೇಲೆ ಅರ್ಧ ಚಮಚ ತುಪ್ಪ. ಸೊಪ್ಪು ಬೆರೆಸಿದ ದಿನ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಮುದ್ದೆ ಉಣ್ಣುವ ಮನೆಯಾದರೆ ನೆಲ್ಲಿಕಾಯಿ ಗಾತ್ರದ ಮುದ್ದೆಯನ್ನು ಇದೇ ಬೇಳೆಯಲ್ಲಿ ಕಲಸಿ ಕೊಡಿ. ಮೊಟ್ಟೆ ತಿನ್ನುವವರು ಚೆನ್ನಾಗಿ ಬೇಯಿಸಿದ ಮೊಟ್ಟೆಯ ಹಳದಿ, ಬಿಳಿ ಎರಡನ್ನೂ ಕೊಡಬಹುದು. ರಾಗಿ ಸರಿಯನ್ನೂ ನಿಲ್ಲಿಸಬೇಕಿಲ್ಲ. ಮೊಳಕೆ ಕಟ್ಟಿಸಿದ ರಾಗಿಯ ಹಿಟ್ಟಾದರೆ ಬೇಯುವಾಗ ಅಷ್ಟಾಗಿ ಗಟ್ಟಿಯಾಗುವುದಿಲ್ಲ. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ.

ಮಗುವಿಗೆ ಅದರದ್ದೇ ತಟ್ಟೆ ಕೊಟ್ಟು ನಿಮ್ಮ ಪಕ್ಕ ಕೂರಿಸಿ. ಮೊದಲ ವಾರ ಅರ್ಧ ಅನ್ನ ನೆಲಕ್ಕೆ, ಕಾಲು ಭಾಗ ತಲೆಗೂದಲಿಗೆ. ಕೆಳಗೊಂದು ಹಳೇ ಬಟ್ಟೆ ಹಾಸಿ ಸುಮ್ಮನಿರಿ. ಅರ್ಧ ಗಂಟೆಯಾದ ಮೇಲೂ ಬೇಡವೆಂದರೆ ತಟ್ಟೆ ಎತ್ತಿಬಿಡಿ, ಬಾಯಿಗೆ ತುರುಕಬೇಡಿ. ಮೊಬೈಲ್ ತೋರಿಸಿ ಉಣಿಸುವುದಂತೂ ಬೇಡವೇ ಬೇಡ. ಒಂದು ವರ್ಷದ ಮಗುವಿಗೆ ಪರದೆ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಜೇನುತುಪ್ಪವನ್ನು ವರ್ಷ ತುಂಬುವವರೆಗೆ ನೆಕ್ಕಿಸಲೂ ಬಾರದು. ಇಡೀ ಕಡಲೆಬೀಜ, ಹುರಿಗಡಲೆ, ಪಾಪ್‌ಕಾರ್ನ್, ಹಸಿ ಕ್ಯಾರೆಟ್ ತುಂಡು ಮುಂದೆಯೂ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ಗಂಟಲಿಗೆ ಸಿಕ್ಕಿದ್ದನ್ನು ಕೆಮ್ಮಿ ಹೊರಹಾಕುತ್ತಿದ್ದರೆ ಕೆಮ್ಮಲು ಬಿಡಿ, ಕಾಣದೆ ಬೆರಳು ಹಾಕಿ ತಡಕಬೇಡಿ. ಕೆಮ್ಮಲೂ ಅಳಲೂ ಆಗದಿದ್ದರೆ ತಲೆ ತಗ್ಗಿಸಿ ಹಿಡಿದು ಬೆನ್ನ ಮೇಲೆ, ಎರಡು ಹೆಗಲ ನಡುವೆ, ಅಂಗೈಯಿಂದ 5 ಬಾರಿ ಗಟ್ಟಿಯಾಗಿ ಬಡಿಯಿರಿ; ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮುಂದಿನ ಕ್ರಮವನ್ನು ಲಸಿಕೆಗೆ ಹೋದಾಗ ನರ್ಸ್ ಹತ್ತಿರ ಮಾಡಿ ತೋರಿಸಲು ಕೇಳಿ, ಓದಿ ಕಲಿಯುವಂಥದ್ದಲ್ಲ.

ನಿಲ್ಲಲು ಕಲಿತ ಕೈ ಎಲ್ಲಕ್ಕೂ ಎಟುಕುತ್ತದೆ. ಬಚ್ಚಲ ಬಕೆಟ್ಟನ್ನು ಬರಿದು ಮಾಡಿ ಬೋರಲು ಹಾಕಿ. ನಾಲ್ಕು ಬೆರಳು ನೀರಿದ್ದರೂ ಅಪಾಯ. ಬಿಸಿ ಸಾರಿನ ಪಾತ್ರೆ ನೆಲಕ್ಕೆ ಇಳಿಸಬೇಡಿ.

ಇನ್ನೊಂದು ಕೆಲಸ, ತಾಯಿ ಕಾರ್ಡ್ ತೆರೆಯುವುದು. 9 ತಿಂಗಳಿನ ದಡಾರ-ರುಬೆಲ್ಲಾ ಲಸಿಕೆ, ಎ ಜೀವಸತ್ವದ ಮೊದಲ ಡೋಸ್ ಆಗಿವೆಯೇ ನೋಡಿ. ತಪ್ಪಿದ್ದರೆ ಈ ವಾರವೇ ಹೋಗಿ. ಮುಂದಿನ ಸುತ್ತು 16ರಿಂದ 24 ತಿಂಗಳೊಳಗೆ. ನಡಿಗೆ 18 ತಿಂಗಳವರೆಗೆ ತಡವಾದರೂ ಪರವಾಗಿಲ್ಲ. ಆದರೆ ಹೆಸರು ಕರೆದರೆ ತಿರುಗದಿದ್ದರೆ, ಹಿಡಿದುಕೊಂಡೂ ನಿಲ್ಲದಿದ್ದರೆ, ಕಲಿತದ್ದನ್ನು ಬಿಟ್ಟುಬಿಟ್ಟರೆ ವೈದ್ಯರಿಗೆ ತೋರಿಸಿ.

ಹುಟ್ಟುಹಬ್ಬದ ದಿನವೇ ಮುಡಿ, ಕಿವಿ ಚುಚ್ಚುವುದು, ಸಂಜೆ ಕೇಕು ಎಲ್ಲ ಇಟ್ಟುಕೊಳ್ಳುವುದು ನನಗೆ ಸರಿಕಾಣದು. ಮುಡಿ ಇನ್ನೊಂದು ದಿನ ಕೊಡಿ, ಹೊಸ ಬ್ಲೇಡ್ ಹಾಕಿಸಿ. ಸಂಜೆ ನೆಂಟರು ಬರುವ ಮುಂಚೆಯೇ, ಎಂದಿನ ಹೊತ್ತಿಗೆ ಅದೇ ತಟ್ಟೆಯಲ್ಲಿ ಅನ್ನ-ಬೇಳೆ ಉಣಿಸಿ ಒಂದು ನಿದ್ದೆ ಮಾಡಿಸಿಬಿಡಿ. ಒಡೆದ ಬಲೂನಿನ ಚೂರುಗಳನ್ನು ಆಗಿಂದಾಗಲೇ ಗುಡಿಸಿ ತೆಗೆಯಿರಿ.